ಎರಡು ಇಂಚು

ಇಬ್ರಾದ ಸನಾಯ್ಯಾ, ಟಯರಿನಂಗಡಿಯ ಹಿಂಬದಿ.
ಎಂಬತ್ತೆಂಟರ ಲ್ಯಾಂಡ್ ಕ್ರೂಸರು ನಾಲ್ಕು ಸ್ಟ್ಯಾಂಡಿನ ಮೇಲೆ
ಚಕ್ರ ಕಳಚಿಕೊಂಡು ಕೂತಿದೆ,
ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕನಷ್ಟು ನಿರಾಳ.

ಪಾಟಾಗಳನ್ನು ಮುಟ್ಟಿ ನೋಡಿದೆ. ಬಿಲ್ಲು ಹೋಗಿ ಹಲಗೆಯಾಗಿವೆ.
ಎಡಗಡೆಯದು ತುಸು ಹೆಚ್ಚೇ ಕುಸಿದಿದೆ:
ಮೂವತ್ತೈದು ವರ್ಷ ಒಬ್ಬನೇ ಡ್ರೈವರು.

ಮಗ ಮುಹನ್ನದ್ ದುಬೈಯಿಂದ ಪೆಟ್ಟಿಗೆ ತರಿಸಿದ್ದಾನೆ. ಆರು ಇಂಚು.
ಹಳದಿ ಬಣ್ಣದ ಶಾಕು, ನನ್ನ ತೋಳಿನಷ್ಟು ದಪ್ಪ.
ಫೋನಿನಲ್ಲಿ ಚಿತ್ರ ತೋರಿಸುತ್ತಾನೆ: ಮರಳ ದಿಬ್ಬದ ನೆತ್ತಿಯಲ್ಲಿ
ಮುಂಗಾಲೆತ್ತಿದ ಯಾರದೋ ಗಾಡಿ.

ಆಗಲಿ ಮಾರಾಯ, ಏರಿಸಬಹುದು.
ಆದರೆ ಬ್ರೇಕಿನ ಹೋಸು ಇದ್ದಷ್ಟೇ ಕಾಲು ಚಾಚಬೇಕು.
ಕೆಳಗೆ ಆ ಶಾಫ್ಟು ನೋಡು, ಈಗಲೇ ಕತ್ತು ಓರೆ.
ಶ್ಯಾಕಲ್ ಉದ್ದ ಮಾಡಿದರೆ ಸ್ಟೇರಿಂಗು ಮನಸ್ಸು ಬಂದ ಕಡೆ ಅಲೆಯುತ್ತದೆ.
ಆಕ್ಸಲಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ಕುತ್ತಿ ಇಡುವುದು
ಹಿಂದಕ್ಕಾದರೆ ಸರಿ, ಮುಂದಕ್ಕೆ ನಾನು ಇಡುವವನಲ್ಲ,
ಎಷ್ಟು ರಿಯಾಲು ಕೊಟ್ಟರೂ.
ಹೊರುವುದು ಎಷ್ಟು ಅಂತ ಹೇಳು ಮೊದಲು,
ಪಾಟಾ ಆಮೇಲೆ ಆರಿಸೋಣ.

ಅವನಿಗೆ ಗೊತ್ತಿಲ್ಲ. ಅಪ್ಪ ಖಲ್ಫಾನ್, ಇಷ್ಟು ಹೊತ್ತು
ಡಬ್ಬದ ಮೇಲೆ ಕೂತು ಖರ್ಜೂರದ ಬೀಜ ಉಗುಳುತ್ತಿದ್ದವರು,
ಬೆರಳು ಮಡಚಿದರು:
ನೀರಿನ ಡ್ರಮ್ಮು ಎರಡು. ಒಂಟೆಗೆ ಬಾರ್ಲಿ, ಒಂದು ಮೂಟೆ.
ಒಮ್ಮೊಮ್ಮೆ ಆಡು.
ಗುರುವಾರ, ಅವಳು.

ಆಡಿನ ತೂಕ ಕೇಳಿ ಬರೆದುಕೊಂಡೆ.
ಇನ್ನೊಂದನ್ನು ಕೇಳುವ ಹಾಗಿಲ್ಲ.
ಅವರೇ ಎದ್ದು ಬಂದು ಗೋಡೆಗೆ ಅಂಗೈ ಅಡ್ಡ ಹಿಡಿದರು,
ಮೊಣಕಾಲಿಗಿಂತ ಸ್ವಲ್ಪ ಮೇಲೆ:
ಅವಳ ಕಾಲು ಏಳುವುದು ಇಷ್ಟು. ಆಪರೇಶನ್ ಆದಮೇಲೆ ಇಷ್ಟೇ.

ಟೇಪು ಹಿಡಿದೆ. ಐವತ್ತೆಂಟು ಸೆಂಟಿಮೀಟರು.
ಜಾಕಿ ಕೊಡುವ ಮೊದಲೇ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ,
ಬಾಗಿಲ ಹೊಸ್ತಿಲು ಐವತ್ತಮೂರು.

ಮಗ ಗೋಡೆ ನೋಡಿದ, ಫೋನು ಜೇಬಿಗೆ ಹಾಕಿದ.

ಎರಡು ಇಂಚಿನ ಪಾಟಾ ಮಸ್ಕತ್ತಿನಿಂದ ಬಂತು, ಮಧ್ಯಮ ಬಿರುಸಿನದು;
ಖಾಲಿ ಇದ್ದಾಗ ಕಲ್ಲುದಾರಿಯಲ್ಲಿ ಸೊಂಟ ಮುರಿಯಬಾರದು,
ಡ್ರಮ್ಮು ತುಂಬಿದಾಗ ನೆಲ ಹಿಡಿಯಬಾರದು.
ಬೋಲ್ಟು ಈಗಲೇ ಬಿಗಿಯಬೇಡ ಅಂದೆ ರಿಪನ್ನನಿಗೆ,
ಗಾಡಿ ತನ್ನ ಭಾರ ತಾನು ಹೊರಲಿ, ಆಮೇಲೆ.

ಹಳದಿ ಶಾಕಿನ ಪೆಟ್ಟಿಗೆ ಇನ್ನೂ ಇಲ್ಲೇ ಇದೆ.
ಅದರ ಮೇಲೆ ಕೂತು ಮಧ್ಯಾಹ್ನ ಉಣ್ಣುತ್ತೇನೆ.

ಹೊಸ ಪಾಟಾ ತಿಂಗಳೊಳಗೆ ಕಾಲಿಂಚು, ಅರ್ಧ ಇಂಚು ಕೂರುತ್ತದೆ.
ಅದನ್ನು ಮಗನಿಗೆ ಹೇಳಿಲ್ಲ.