ಒದ್ದೆಯಾಗುವ ಸಾಲು

ಟುವೂಂಬಾದ ಗುಡ್ಡವಿಳಿದು ಗೋಲ್ಡ್ ಕೋಸ್ಟಿಗೆ ಬಂದೆವು, ಐದಕ್ಕೇ ಎದ್ದು.
ಕಾರಿನ ಏಸಿ ಡಿಸೆಂಬರಿನಲ್ಲೇ ಕೈಕೊಟ್ಟಿತ್ತು.
ಹಿಂದಿನ ಸೀಟಿನಲ್ಲಿ ಪ್ರಣೀತ ಕೇಳಿದ್ದನ್ನೇ ಕೇಳುತ್ತಿದ್ದ:
ಬಂತಾ? ಬಂತಾ?
ಇಂಚರ ಕನ್ನಡಿಯೊಳಗೆ ನನ್ನ ಕಣ್ಣು ಹಿಡಿದು
ಅದನ್ನೇ ಬೆರಳಲ್ಲಿ ಕೇಳಿದಳು.

ನಮ್ಮಲ್ಲಿ ಕಿವಿಗೂ ಬಾಯಿಗೂ ಒಂದೇ ಮಾತು: ಕೇಳು.
ಮಗಳ ಪಾಲಿಗೆ ಬಂದದ್ದು ಅದರಲ್ಲಿ ಅರ್ಧ.

ಹೆಸರಿಟ್ಟಾಗ ಗೊತ್ತಿರಲಿಲ್ಲ.
ಇಂಚರ ಅಂದರೆ ಇನಿದನಿ ಅಂತ
ಹೆರಿಗೆ ವಾರ್ಡಿನ ನರ್ಸಿಗೆ ಬಿಡಿಸಿ ಹೇಳಿದ್ದು ಇವರೇ.
ಈಗ ಶಾಲೆಯಲ್ಲಿ ಅವಳ ಹೆಸರು
ಕೆನ್ನೆಯ ಗುಳಿಗೆ ತೋರುಬೆರಳೊತ್ತಿ ಒಂದು ಸಲ ತಿರುವುವುದು.
ಸರಿಯಾಗಿ ತಿರುವಲು ನನಗೇ ಒಂದು ವರ್ಷ ಹಿಡಿಯಿತು.

ನಾಲ್ಕು ಟಿಕೇಟಿಗೆ ನನ್ನ ಎರಡು ರಾತ್ರಿಪಾಳಿ:
ವೃದ್ಧಾಶ್ರಮದ ಲಾಂಡ್ರಿಯಲ್ಲಿ ಮಡಿಸಿದ ಅಷ್ಟೂ ಹಾಸುಬಟ್ಟೆ
ಮನಸ್ಸಿನಲ್ಲೇ ಎಣಿಸಿ ಕಾರ್ಡು ಕೊಟ್ಟೆ.
ಡಬ್ಬಿಯ ಅವಲಕ್ಕಿಯನ್ನು ಹನ್ನೊಂದಕ್ಕೆಲ್ಲ
ಉದ್ದ ಕೊಕ್ಕಿನ ಐಬಿಸ್ ಹಕ್ಕಿಯೊಂದು ಮುಗಿಸಿತು,
ನೆಲಗಡಲೆ ಮಾತ್ರ ಆರಿಸಿ ಬದಿಗಿಟ್ಟು.
ಪೆಂಗ್ವಿನ್‌ಗಳು ಎಲ್ಲರಿಗೂ ಬೆನ್ನು ಹಾಕಿ ನಿಂತಿದ್ದವು,
ರೇಷನ್ ಅಂಗಡಿ ತೆರೆಯುವುದನ್ನು ಕಾಯುವವರ ಹಾಗೆ.

ಮೊದಲ ಆರು ಸಾಲಿಗೆ ಹಳದಿ ಬಣ್ಣ.
ಇಲ್ಲಿ ಕೂತರೆ ಒದ್ದೆಯಾಗುತ್ತೀರಿ, ಎಂದು ಬೋರ್ಡು.
ಲೋಹಿತ್ ಮೇಲೆ ನೆರಳು ಹುಡುಕುತ್ತಿದ್ದರು,
ಇಂಚರ ಎಳೆದದ್ದು ಎರಡನೆಯ ಸಾಲಿಗೆ.
ಸ್ಪೀಕರು ಗುಡುಗಿದಾಗ
ಬೆಂಚಿನ ಮೇಲೆ ಅಂಗೈ ಊರಿ ಅಷ್ಟನ್ನು ತೆಗೆದುಕೊಂಡಳು.

ನೀಲಿ ಉಡುಪಿನ ಹುಡುಗಿ, ಸೊಂಟಕ್ಕೆ ಮೀನಿನ ಚೀಲ.
ಅವಳು ಕೈಯೆತ್ತಿದರೆ ಡಾಲ್ಫಿನ್ ಎದ್ದಿತು.
ಬೆರಳು ಸುತ್ತಿದರೆ ಸುತ್ತಿತು.
ಮಗಳು ನನ್ನ ಪಕ್ಕೆ ತಿವಿದಳು:
ಅಮ್ಮಾ, ಅವಳೂ ನಮ್ಮ ಹಾಗೆ ಮಾತಾಡುತ್ತಾಳೆ!
ಆಮೇಲೆ ನನಗೆಂದೇ ಒಂದೊಂದನ್ನೂ ಬಿಡಿಸಿ ಹೇಳಿದಳು,
ಇಡೀ ಸ್ಟೇಡಿಯಮ್ಮಿನಲ್ಲಿ ಕಿವುಡಿ ನಾನೊಬ್ಬಳೇ ಎಂಬಂತೆ:
ಹಾರು. ಸುತ್ತು. ಬಾಲ ಬೀಸು. ನಗು.
ಮತ್ತೆ. ಮತ್ತೆ. ಮತ್ತೆ.

ಹೇಳುತ್ತ ಹೇಳುತ್ತ ಕೈ ನಿಂತಿತು.
ಅದಕ್ಕೆ ಕೈಯಿಲ್ಲವಲ್ಲ, ಎಂದಳು.
ಬೇಡ ಅನ್ನೋದು ಹೇಗೆ?

ನಾನು ಬೆರಳೆತ್ತುವಷ್ಟರಲ್ಲಿ ನೀರು ಬಂತು,
ಗೋಡೆಯೊಂದು ಎದ್ದು ಬಂದು ಮೇಲೆ ಕೂತ ಹಾಗೆ.
ಪ್ರಣೀತನ ಟೊಪ್ಪಿ ಕೊಳ ಸೇರಿತು, ಅವನ ಅಳು ಊರು ಸೇರಿತು.
ಲೋಹಿತ್ ಮೂಗಿನಿಂದ ಉಪ್ಪುನೀರು ಸೀನಿ ನಕ್ಕರು,
ಮದುವೆಗೆ ಮುಂಚೆ ನಗುತ್ತಿದ್ದ ಹಾಗೆ.
ನಾನೂ ನಕ್ಕೆ. ಸುಳ್ಳು ಯಾಕೆ, ಚೆನ್ನಾಗಿತ್ತು.

ಜನ ಇಳಿದ ಮೇಲೆ ಕೆಳಗಿನ ಗಾಜಿನ ಬಳಿ ಅವಳು ನಿಂತಿದ್ದಳು.
ಆ ಬೂದುಮೈ ಒಮ್ಮೆ ಹಾದುಹೋಯಿತು, ಒಂದೇ ಕಣ್ಣು.
ಕೆನ್ನೆಗೆ ಬೆರಳೊತ್ತಿ ತಿರುವಿದಳು, ತನ್ನ ಹೆಸರು ಹೇಳಿಕೊಂಡಳು.
ಮತ್ತೊಮ್ಮೆ ಬಂತು. ಮತ್ತೆ ಹೇಳಿದಳು.
ಮೂರನೆಯ ಸಲ ಆಚೆ ಬಕೆಟ್ಟಿನ ಸದ್ದಾಯಿತು,
ನನಗೂ ಅದಕ್ಕೂ ಕೇಳಿಸಿತು,
ಅದು ಹೊರಟುಹೋಯಿತು.
ಅವಳಿನ್ನೂ ಕಾಯುತ್ತಿದ್ದಳು.

ವಾಪಸು ಬರುವಾಗ ಗ್ಯಾಟನ್ ದಾಟುವಷ್ಟರಲ್ಲಿ ಕತ್ತಲು.
ಕತ್ತಲಲ್ಲಿ ನನ್ನ ಮಗಳ ಜೊತೆ ಮಾತಿಲ್ಲ.
ಭುಜ ತಟ್ಟಿದಳು. ನಾನು ಕಾರಿನ ಒಳದೀಪ ಹಾಕಿದೆ.
ರಸ್ತೆ ಕಾಣಲ್ಲ, ಆರಿಸು, ಎಂದರು ಇವರು.
ಒಂದು ನಿಮಿಷ, ಎಂದೆ.

ಬೇಡ ಅಂದರೆ ಅವರಿಗೆ ಗೊತ್ತಾಗುತ್ತಾ?

ಗೊತ್ತಿಲ್ಲ ಪುಟ್ಟಾ, ಎಂದೆ. ಒಣಗಿದ ಉಪ್ಪಿಗೆ
ನನ್ನ ಬೆರಳ ಗೆಣ್ಣುಗಳೆಲ್ಲ ಬಿಗಿದಿದ್ದವು,
ಅಕ್ಷರ ಸರಿಯಾಗಿ ಮೂಡಲಿಲ್ಲವೋ ಏನೋ,
ಇನ್ನೊಮ್ಮೆ ಹೇಳು, ಎಂದಳು.

ಇವರು ವೇಗ ತಗ್ಗಿಸಿದರು.
ಗುಡ್ಡ ಹತ್ತಿ ಮುಗಿಯುವವರೆಗೂ ದೀಪ ಆರಿಸು ಅನ್ನಲಿಲ್ಲ.