ಗಾಳಿ ಮೂಸುವವನು

ಕಾಕ್ಸನ್ ಹೋಲ್ ಬಂದರಿನಲ್ಲಿ ಹಡಗು
ಬೆಳಿಗ್ಗೆ ಎಂಟಕ್ಕೆ ನಮ್ಮನ್ನು ಉಗುಳಿತು.
ನಾಲ್ಕೂವರೆಗೆ ಮತ್ತೆ ನುಂಗುತ್ತದಂತೆ.
ಹಡಗಿನ ಗಡಿಯಾರ ಒಂದು, ದ್ವೀಪದ್ದು ಇನ್ನೊಂದು,
ನಡುವಿನ ಒಂದು ಗಂಟೆ ಯಾರ ಜೇಬಿನಲ್ಲಿದೆಯೋ
ಕೇಳಿದರೆ ಇಬ್ಬರೂ ನಗುತ್ತಾರೆ.

ಗೇಟಿನಾಚೆ ಬಣ್ಣದ ಹಲಗೆಗಳು.
ಎರಡು ಮುಳುಗು, ಊಟ ಸೇರಿ, ಎಂಬತ್ತು ಡಾಲರ್.
ಎರಡು ಮುಳುಗು, ಬಿಯರ್ ಸೇರಿ, ಎಪ್ಪತ್ತು.
ಆಮೆ ಗ್ಯಾರಂಟಿ ಅಂದನೊಬ್ಬ,
ಆಮೆಯಿಂದ ಮುಚ್ಚಳಿಕೆ ಬರೆಸಿಕೊಂಡವನ ಹಾಗೆ.

ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಹೊಕ್ಕು
ತಕ್ಕಡಿ ತಪಾಸಣೆ ಮಾಡಿದವಳು ನಾನು.
ಕಲ್ಲಿನ ತಳಕ್ಕೆ ಅಂಟಿಸಿದ ಮೇಣ,
ತಟ್ಟೆಯಡಿಯ ಹುಣಿಸೆಹಣ್ಣು, ಎಲ್ಲ ಬಲ್ಲೆ.
ಮುಳ್ಳು ಸುಳ್ಳು ಹೇಳುವುದಿಲ್ಲ,
ಮುಳ್ಳು ಕೂರಿಸಿದವನು ಹೇಳುತ್ತಾನೆ.

ದೋಣಿಯಲ್ಲಿ ಆಕ್ಸಿಜನ್ ಇಟ್ಟಿದ್ದೀರಾ?
'ಇಡೀ ಆಕಾಶವೇ ಇದೆಯಲ್ಲ, ಅಮ್ಮಾ'
ಅಂದ ಎಪ್ಪತ್ತು ಡಾಲರಿನವನು.
ಮಾತು ಚೆನ್ನಾಗಿತ್ತು. ನಕ್ಕೆ.
ಮುಂದೆ ನಡೆದೆ.

ಸಾಲಿನ ಕೊನೆಗೆ ತಗಡಿನ ಷೆಡ್ಡು.
ಡೆಲ್ಸಿ ಬಾಡನ್ ಕರಿದ ಬಾಳೆ ತಿನ್ನುತ್ತಿದ್ದಳು.
ಕರೆಯಲಿಲ್ಲ. ಏಳಲೂ ಇಲ್ಲ.
ಕೊನೆಯ ಸಲ ಮುಳುಗಿದ್ದು ಯಾವಾಗ?
ನಿನ್ನೆ ರಾತ್ರಿ ಕುಡಿದಿರಾ, ಎಷ್ಟು?
ಮೂಗು ಕಟ್ಟಿದೆಯಾ? ಎಲ್ಲಿ, ಉಸಿರೆಳೆಯಿರಿ.
ಜೀವಮಾನದಲ್ಲಿ ಮೊದಲ ಬಾರಿಗೆ
ತಟ್ಟೆಯಲ್ಲಿ ನಾನೇ ಕೂತಿದ್ದೆ.
ಒಂದು ಪೆಗ್ ಕಡಿಮೆ ಹೇಳಿದೆ.
ಅವಳಿಗೆ ಗೊತ್ತಾಯಿತು.
ಎರಡಲ್ಲ, ಒಂದೇ ಮುಳುಗು ಅಂದಳು,
ಅದೂ ಹದಿನೈದು ಮೀಟರ್.

ಅವಳ ಹಿಂದೆ ಕಂಪ್ರೆಸರ್ ದಡದಡ.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ,
ಗೋಡೆಗೆ ಒರಗಿಸಿದ ಊರುಗೋಲು.
ತುಂಬಿದ ಸಿಲಿಂಡರಿನ ತಿರುಪು ಚೂರೇ ಬಿಚ್ಚಿ
ಅಂಗೈಗೆ ಗಾಳಿ ಬಿಟ್ಟುಕೊಂಡು ಮೂಸುತ್ತಿದ್ದ,
ಹಾಲು ಕೆಟ್ಟಿದೆಯೋ ಎಂದು
ಪಾತ್ರೆಗೆ ಮೂಗು ಹಿಡಿಯುವವರಂತೆ.
ಒಂದನ್ನು ಮೂಸಿ, ಮತ್ತೆ ಮೂಸಿ, ಬದಿಗೆ ತಳ್ಳಿದ.

ಎವಾರಿಸ್ಟೊ ವುಡ್. ಮಿಸ್ಕಿಟೊ ಕರಾವಳಿಯವನು.
'ಲಾಬ್‌ಸ್ಟರ್ ಹಿಡಿಯುತ್ತಿದ್ದೆ,
ದಿನಕ್ಕೆ ಹನ್ನೆರಡು ಸಿಲಿಂಡರ್, ಹನ್ನೊಂದು ವರ್ಷ.
ಗೇಜು, ಮುಳ್ಳು ಏನೂ ಇರಲಿಲ್ಲ.
ಗಾಳಿ ಬಿಗಿಯಾಗುವ ತನಕ ಎಳೆಯೋದು,
ಆಮೇಲೆ ಮೇಲಕ್ಕೆ ಜಿಗಿಯೋದು.
ಒಂದು ಸಂಜೆ ನಾನು ಮೇಲೆ ಬಂದೆ,
ಕಾಲು ಬರಲಿಲ್ಲ.'

'ಅಮ್ಮ ಹೇಳುತ್ತಾಳೆ ಲಿವಾ ಮೈರಿನ್,
ನೀರಿನ ಹೆಣ್ಣು, ಮುನಿಸಿಕೊಂಡಳು ಅಂತ.
ಡೆಲ್ಸಿ ಹೇಳುತ್ತಾಳೆ ನೈಟ್ರೋಜನ್ ಅಂತ.
ಇಬ್ಬರಿಗೂ ಹೂಂ ಅನ್ನುತ್ತೇನೆ.'

ನೂರಾ ಹತ್ತು ಡಾಲರ್. ಊಟವಿಲ್ಲ, ಆಮೆಯ ಮಾತಿಲ್ಲ.
ಚೌಕಾಸಿ ನನ್ನ ರಕ್ತದಲ್ಲೇ ಇದೆ,
ಆದರೂ ಎಣಿಸಿ ಕೊಟ್ಟೆ.

ನೀರೊಳಗಿನ ಗೋಡೆಯನ್ನು ಏನೆಂದು ಹೇಳಲಿ?
ಬೀಸಣಿಗೆಯಂಥ ಹವಳ, ಯಾರಿಗೂ ಬೀಸದೆ.
ಒಂದು ಗಿಳಿಮೀನು ಕಲ್ಲು ಕಡಿಯುವ ಸದ್ದು.
ಆಮೆ ಬರಲಿಲ್ಲ.

ಮೇಲೆ ಬರುವಾಗ ಐದು ಮೀಟರಿನಲ್ಲಿ ತಡೆದರು.
ಹಗ್ಗ ಹಿಡಿದು ಮೂರು ನಿಮಿಷ ಸುಮ್ಮನೆ ತೂಗುವುದು.
ಮಾಡಲು ಏನೂ ಇಲ್ಲದ ಆ ಮೂರು ನಿಮಿಷದಲ್ಲಿ
ನೆನಪಾಯಿತು:
ನಿನ್ನೆ ರಾತ್ರಿಯ ಬಫೆ,
ಬೆಣ್ಣೆ ಸವರಿ ಸೀಳಿಟ್ಟ ಲಾಬ್‌ಸ್ಟರ್.
ತೂಕ ಕೇಳದೆ ಎರಡು ಹಾಕಿಸಿಕೊಂಡಿದ್ದೆ,
ಒಂದನ್ನು ಅರ್ಧಕ್ಕೇ ಬಿಟ್ಟಿದ್ದೆ.

ದಡದಲ್ಲಿ ಎವಾರಿಸ್ಟೊ ಮುಳ್ಳು ನೋಡಿದ.
ಎಪ್ಪತ್ತು ಬಾರ್ ಉಳಿಸಿದ್ದೀರಿ, ಅಂದ,
ಲೆಕ್ಕ ಒಪ್ಪಿಸಿಕೊಳ್ಳುವವನ ದನಿಯಲ್ಲಿ.
ಹೇಳಬೇಕೆಂದಿದ್ದೆ. ನಾಲ್ಕು ಗಂಟೆಯಾಗಿತ್ತು.
ಹಡಗಿನದೋ ದ್ವೀಪದ್ದೋ.

ಅವನು ತಿರುಪು ಬಿಚ್ಚಿದ.
ನಾನು ಉಸಿರಾಡದೆ ಬಿಟ್ಟ ಗಾಳಿ
ಅವನ ಅಂಗೈ ಮೇಲೆ
ಬಹಳ ಹೊತ್ತು ಸದ್ದು ಮಾಡಿತು.