ಗುಲಗಂಜಿ ತೂಕ

ಚಿಂಚೋಳಿ ಬಜಾರದಾಗ ನಮ್ಮದು ಅತ್ತಾರರ ದುಕಾನ.
ಅಬ್ಬಾ ಹೋದ ಮೇಲೆ ಗಲ್ಲೆಗೆ ನಾನು ಕೂತೆ.
ಮುಂಜಾನೆ ಬಾಗಿಲು ತೆಗೆದರೆ
ಮೊದಲು ಬಜೆಯ ವಾಸನೆ ಎದ್ದು ಬರುತ್ತದೆ,
ಆಮೇಲೆ ಬೆಳಕು.

ಸಣ್ಣ ತಕ್ಕಡಿ, ಹಿತ್ತಾಳೆಯದು.
ಮಗ್ಗುಲಿಗೆ ಒಂದು ತಗಡಿನ ಡಬ್ಬಿ,
ಡಬ್ಬಿಯಲ್ಲಿ ಹನ್ನೊಂದು ಗುಲಗಂಜಿ,
ಕೇಸರಿ ಕಸ್ತೂರಿ ತೂಗಿದ ಕಾಲದವು.
"ತಕ್ಕಡಿಗೆ ಹೌದು, ಬಾಯಿಗೆ ಅಲ್ಲ"
ಮುಚ್ಚಳ ಒತ್ತುವಾಗ ಪ್ರತಿ ಸಲ ಅನ್ನುತ್ತಿದ್ದರು ಅಬ್ಬಾ,
ಮನೆಯಿಂದ ಹೊರಡುವವರಿಗೆ ಸಲಾಮು ಹೇಳಿದಂತೆ.

ಜ್ವರದ ಆ ಎರಡು ವರ್ಷ
ಊರಿಗೆ ಊರೇ ಅಮೃತಬಳ್ಳಿ ಕೇಳಿತು.
ಬೇವಿನ ಮರಕ್ಕೆ ಹಬ್ಬಿದ್ದನ್ನೆಲ್ಲ ಕೊಯ್ದು ತಂದರು,
ಅದೋ, ಅದರ ಹಾಗೆ ಕಾಣುವ ಇನ್ನೊಂದೋ, ಯಾರೂ ನೋಡಲಿಲ್ಲ.
ಮೂರು ಹೊತ್ತು ಕುದಿಸಿ ಕುಡಿದ ಕಂಡಕ್ಟರ್ ವೀರಭದ್ರನ
ಕಣ್ಣೆರಡೂ ಅರಿಶಿಣ ಕೊಂಬಿನ ಬಣ್ಣಕ್ಕೆ ತಿರುಗಿದವು.
ಕಲಬುರಗಿ ದವಾಖಾನೆಯಲ್ಲಿ ಇಪ್ಪತ್ತು ದಿನ. ಉಳಿದ.
ಅವತ್ತಿನಿಂದ ಅಬ್ಬಾ ಪುಡಿಕೆ ಕಟ್ಟುವ ಮೊದಲು ಕೇಳತೊಡಗಿದರು:
ಬ್ಯಾರೆ ಗುಳಿಗಿ ಏನು ತಗೋತೀರಿ?
ಹೊಟ್ಟ್ಯಾಗ ಕೂಸು ಅದಾ ಏನು?
ಡಾಕ್ಟರಿಗೆ ತೋರಿಸೀರೇನು, ಇಲ್ಲಾ ನನಗೇ ಮೊದಲು ಹೇಳಾಕತ್ತೀರಿ?
ಗಿರಾಕಿಗಳು ನಕ್ಕು ಎದುರಿನ ದುಕಾನಕ್ಕೆ ಹೋದರು.
ಈಗ ನಾನೂ ಅದನ್ನೇ ಕೇಳುತ್ತೇನೆ.
ಮೊಬೈಲಿನಲ್ಲಿ ನೋಡಿ ಬಂದ ಹುಡುಗರು
ಪರದೆ ನನ್ನ ಮುಖಕ್ಕೆ ಹಿಡಿದು ತೋರಿಸಿ,
ಅವರೂ ಹಾಗೇ ಹೋಗುತ್ತಾರೆ.

ಶ್ರಾವಣದಲ್ಲಿ ರೂಪ್ಲಿಬಾಯಿ ಬಂದಳು,
ಕೊಂಚಾವರಂ ಕಡೆಯ ತಾಂಡಾದಿಂದ,
ತಲೆಯ ಮೇಲೆ ಶತಾವರಿ ಚೀಲ, ಲಂಗದ ಅಂಚು ಹಿಡಿದು ಮೊಮ್ಮಗಳು.
"ಈಗ್ಯಾಕ ಅಗದಿ? ಚಳಿಗಾಲಕ್ಕ ತರಾಕಿ ನೀನು."
"ತಾಂಡೂರಿನ ಸೇಠನ ಗಾಡಿ ದಿನಾ ಬರ್ತದ.
ನಾ ಅಗೀದಿದ್ರ ಮತ್ತೊಬ್ಬಾಕಿ ಅಗೀತಾಳ.
ನೀ ತಗೋತೀಯೋ ಇಲ್ಲೋ?"
ನನ್ನ ಹತ್ತಿರ ಜವಾಬಿರಲಿಲ್ಲ.
ದರಕ್ಕೆ ಜಗಳ ತೆಗೆದೆ.

ಜಗಳದ ನಡುವೆ ಡಬ್ಬಿ ಬಿದ್ದ ಸದ್ದು.
ಹುಡುಗಿಯ ಮುಷ್ಟಿಯಲ್ಲಿ ಕೆಂಪು.
ರೂಪ್ಲಿ ಅವಳ ದವಡೆ ಒತ್ತಿ ಬಾಯಿ ತೆರೆಸಿದಳು,
ನಾನು ಮುಷ್ಟಿ ಬಿಡಿಸಿ ಎಣಿಸಿದೆ.
ಹತ್ತು.
ಮತ್ತೆ ಎಣಿಸಿದೆ. ಹತ್ತು.
"ನುಂಗೀಯೇನ? ಕಡದೀಯೇನ?"
ಅಳುವುದೊಂದೇ ಗೊತ್ತು ಅದಕ್ಕೆ.
ಆಟೊದವನನ್ನು ಕೂಗಿದೆ, ದವಾಖಾನೆಗೆ ಹೊರಡಬೇಕು, ತಿರುಗಿಸಿಕೊಂಡು ಬಾ.

ಅವನು ತಿರುಗಿಸುವಷ್ಟರಲ್ಲಿ ಚೀಲ ನೆಲಕ್ಕೆ ಸುರಿದೆವು,
ಅದರ ಬಾಯಿ ಬಿಚ್ಚಿತ್ತಲ್ಲ.
ಇಬ್ಬರೂ ಮಂಡಿಯೂರಿ ಒಂದೊಂದೇ ಬೇರು
ಬೆರಳ ಸಂದಿಯಲ್ಲಿ ಹಾಯಿಸಿ
ಮಣ್ಣು, ಬೇರು, ಮಣ್ಣು, ಬೇರು,
ಬಾಗಿಲಲ್ಲಿ ಹಾರ್ನ್ ಆದಾಗ ಸಿಕ್ಕಿತು,
ಒಂದು ಗಡ್ಡೆಯ ಕಂಕುಳಲ್ಲಿ
ತನ್ನ ಕಪ್ಪು ಕಣ್ಣು ಮೇಲೆ ಮಾಡಿಕೊಂಡು.

ಆಟೊದವ ಬೈದು ಹೋದ.
ಹನ್ನೊಂದೂ ಕೈಯಲ್ಲಿದ್ದರೂ ಕೈ ನಡುಗುತ್ತಿತ್ತು.
ಆಗ ನೋಡಿದೆವು, ಹರಡಿ ಬಿದ್ದದ್ದನ್ನು.
ಅಬ್ಬಾನ ಕಾಲಕ್ಕೆ ಹೆಬ್ಬೆರಳಿನಷ್ಟು ದಪ್ಪ ಬರುತ್ತಿದ್ದವು.
ಇವು ಆ ಹುಡುಗಿಯ ಕಿರುಬೆರಳು.
ಬುಡಸಮೇತ ಕಿತ್ತವು,
ಕೆಲವಕ್ಕೆ ಮೊಳಕೆಯ ಕಣ್ಣು ಇನ್ನೂ ಹಸಿ.
ನಾನು ಏನೂ ಅನ್ನಲಿಲ್ಲ.
ಬೈಗುಳವಿಲ್ಲದೆ ರೂಪ್ಲಿ ಅಷ್ಟು ಹೊತ್ತು ಕೂತದ್ದು
ನಾನು ಕಂಡಿದ್ದೇ ಇಲ್ಲ.

ಡಬ್ಬಿಗೆ ತಂತಿ ಬಿಗಿದು ಅಟ್ಟಕ್ಕೆ ಏರಿಸಿದೆ.
ಬೇರು ತೂಗಿದೆ, ಅವಳು ಕೇಳಿದ ದರವೇ ಕೊಟ್ಟೆ.
ಕಣ್ಣಿದ್ದ ಬುಡಗಳನ್ನು ಮಾತ್ರ ಅವಳು ತಕ್ಕಡಿಗೆ ಹಾಕಲಿಲ್ಲ.
ನನ್ನ ಕೊಡದ ನೀರು ಚಿಮುಕಿಸಿ
ಸೆರಗಿನ ಚುಂಗಿನಲ್ಲಿ ಕಟ್ಟಿಕೊಂಡಳು,
ಹುಡುಗಿಯ ತಲೆಗೆ ಒಂದು ಮೊಟಕಿದಳು,
ಹೊಸ್ತಿಲಲ್ಲಿ ನಿಂತು ಮುಗಿಲು ನೋಡಿ
"ಮಳಿ ಇನ್ನಾ ಅದ" ಅಂದಳು.